ಕ್ಯಾವೆಂಡಿಶ್ ಬಿಸಾಡದ ಗುಳ್ಳೆ

ನಮ್ಮ ಪ್ರಯೋಗಾಲಯದಲ್ಲಿ ನೀರಿನ ಮಾದರಿಗಳಲ್ಲಿರುವ ಲೋಹಗಳನ್ನು ಅಳೆಯುವ ಪ್ಲಾಸ್ಮಾ ಉಪಕರಣಕ್ಕೆ ಹೊಸ ಆರ್ಗಾನ್ ಸಿಲಿಂಡರ್ ಜೋಡಿಸುವಾಗಲೆಲ್ಲ ನನಗೆ ಹೆನ್ರಿ ಕ್ಯಾವೆಂಡಿಶ್ ನೆನಪಾಗುತ್ತಾನೆ. ಜಲಜನಕವು ಬೇರೆಯೇ ಒಂದು ಅನಿಲವೆಂದು 1766ರಲ್ಲಿ ತೋರಿಸಿಕೊಟ್ಟ ಈ ಇಂಗ್ಲಿಷ್ ವಿಜ್ಞಾನಿಯನ್ನು ನಾನು ಹೆಚ್ಚು ಮೆಚ್ಚುವುದು 1785ರ ಇನ್ನೊಂದು ಪ್ರಯೋಗಕ್ಕಾಗಿ.

ಬಾಗಿದ ಗಾಜಿನ ನಳಿಕೆಯ ಎರಡೂ ತುದಿಗಳನ್ನು ಪಾದರಸದ ಲೋಟಗಳಲ್ಲಿ ಅದ್ದಿ, ನಡುವೆ ಗಾಳಿಯನ್ನೂ ಕ್ಷಾರದ್ರಾವಣವನ್ನೂ ಇಟ್ಟು, ಘರ್ಷಣ ಯಂತ್ರದಿಂದ ವಿದ್ಯುತ್ ಕಿಡಿಗಳನ್ನು ಹಾಯಿಸಿದರೆ, ಸಾರಜನಕವು ಆಮ್ಲಜನಕದೊಡನೆ ಕೂಡಿ ಕ್ಷಾರದಲ್ಲಿ ಲೀನವಾಗುತ್ತದೆ. ಆಮ್ಲಜನಕವನ್ನು ಮತ್ತೆ ಮತ್ತೆ ಸೇರಿಸುತ್ತ ಹೋಗಿ, ಮಿಕ್ಕ ಆಮ್ಲಜನಕವನ್ನೂ ಹೀರಿಸಿ ತೆಗೆದ ಮೇಲೆ ನಳಿಕೆಯಲ್ಲಿ ಏನೂ ಇರಬಾರದಿತ್ತು. ಒಂದು ಪುಟ್ಟ ಗುಳ್ಳೆ ಉಳಿಯಿತು. ತರಬೇತಿಗೆ ಬರುವ ಹುಡುಗರಾದರೆ ‘ಎಕ್ಸ್‌ಪೆರಿಮೆಂಟಲ್ ಎರರ್ ಸರ್’ ಎಂದು ಕೈತೊಳೆದುಕೊಳ್ಳುತ್ತಾರೆ; ಅವರ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳಿದ್ದೇನೆ. ಕ್ಯಾವೆಂಡಿಶ್ ಮಾತ್ರ ಆ ಗುಳ್ಳೆಯನ್ನು ಅಳೆದು, ಅದು ಸಾರಜನಕದ 120ನೇ ಒಂದು ಪಾಲಿಗಿಂತ ಹೆಚ್ಚಿಲ್ಲವೆಂದು ಬರೆದಿಟ್ಟ. ಇಂದಿನ ಅಂಕಿಗಳಿಂದ ಲೆಕ್ಕ ಹಾಕಿದರೆ ಆ ಪಾಲು ಸುಮಾರು 85ರಲ್ಲಿ ಒಂದು. ಕೈಯಲ್ಲಿದ್ದ ಸಲಕರಣೆಗಳನ್ನು ನೋಡಿದರೆ ಇದು ಬೆರಗು ಹುಟ್ಟಿಸುವ ಸಾಮೀಪ್ಯ.

ಗಾಳಿಯಿಂದ ತೆಗೆದ ಸಾರಜನಕವು ರಾಸಾಯನಿಕಗಳಿಂದ ತಯಾರಿಸಿದ್ದಕ್ಕಿಂತ ಶೇಕಡಾ ಅರ್ಧದಷ್ಟು ಹೆಚ್ಚು ತೂಗುವುದೇಕೆಂದು ಶತಮಾನದ ನಂತರ ತಲೆಕೆಡಿಸಿಕೊಂಡ ಭೌತವಿಜ್ಞಾನಿ ರ‍್ಯಾಲೆ, ಈ ಹಳೆಯ ಕಿಡಿಯ ಪ್ರಯೋಗವನ್ನೇ ಮತ್ತೆ ಮಾಡಿದ. 1894ರಲ್ಲಿ ಆತನೂ ರಸಾಯನವಿಜ್ಞಾನಿ ರ‍್ಯಾಮ್ಸೆಯೂ ಆರ್ಗಾನನ್ನು ಲೋಕಕ್ಕೆ ಪ್ರಕಟಿಸಿದರು. ಕ್ಯಾವೆಂಡಿಶ್‌ನ ಗುಳ್ಳೆಯಲ್ಲಿದ್ದದ್ದು ಬಹುಪಾಲು ಇದೇ ಅನಿಲ.

ಭೂಮಿಯ ಸಾಂದ್ರತೆಯನ್ನು ಅಳೆಯುವಾಗಲೂ ಕ್ಯಾವೆಂಡಿಶ್‌ನದು ಇದೇ ಜಾಗರೂಕತೆ. (ಪಠ್ಯಪುಸ್ತಕಗಳು ಆತ ಗುರುತ್ವ ಸ್ಥಿರಾಂಕವನ್ನು ಅಳೆದನೆನ್ನುತ್ತವೆ, ಆತ ಹುಡುಕಿದ್ದು ಸಾಂದ್ರತೆಯನ್ನು.) ತಲಾ ಸುಮಾರು 158 ಕಿಲೋ ತೂಕದ ಎರಡು ಸೀಸದ ಗುಂಡುಗಳು, ತಂತಿಯಿಂದ ತೂಗುಬಿಟ್ಟ ಆರಡಿಯ ಮರದ ದಂಡದ ತುದಿಗಳಲ್ಲಿದ್ದ ಸಣ್ಣ ಗುಂಡುಗಳನ್ನು ಎಷ್ಟು ಸೆಳೆಯುತ್ತವೆಂದು ನೋಡಬೇಕಿತ್ತು. ಒಳಗೆ ಕಾಲಿಟ್ಟರೆ ತನ್ನ ಮೈಯ ಶಾಖಕ್ಕೇ ಗಾಳಿ ಅಲುಗೀತೆಂದು, ಕೋಣೆಯನ್ನು ಮುಚ್ಚಿ, ಹೊರಗಿನಿಂದ ದೂರದರ್ಶಕದಲ್ಲಿ ನೋಡುತ್ತ ರೀಡಿಂಗ್ ತೆಗೆದ. ಆ ಸೆಳೆತದಿಂದ ಭೂಮಿಯ ಸಾಂದ್ರತೆಯನ್ನು ಲೆಕ್ಕಹಾಕಿ 1798ರಲ್ಲಿ ಪ್ರಕಟಿಸಿದ ಉತ್ತರ, ನೀರಿನ 5.48 ಪಟ್ಟು.

ಇಷ್ಟೆಲ್ಲ ಎಚ್ಚರ ವಹಿಸಿದವನು ಸರಾಸರಿ ತೆಗೆಯುವಾಗ ಲೆಕ್ಕ ತಪ್ಪಿದ್ದ. ಆತನದೇ ರೀಡಿಂಗ್‌ಗಳನ್ನು ಮುಂದೆ ಸರಿಯಾಗಿ ಕೂಡಿದಾಗ ಬಂದದ್ದು 5.448. ಇಂದು ನಾವು ಒಪ್ಪಿರುವ ಬೆಲೆ 5.51 ಆದ್ದರಿಂದ, ತಪ್ಪಿದ ಲೆಕ್ಕವೇ ಸತ್ಯಕ್ಕೆ ತುಸು ಹತ್ತಿರವಿತ್ತು.