ಶಾಲೆಯ ಜಾಝ್ ತಂಡಕ್ಕೆ ಮೊದಲ ಮೂರು ಕೃತಿಗಳು: ಆಯ್ಕೆಯ ಟಿಪ್ಪಣಿ

ಮಾರಾಟಕ್ಕೆ ಸಿಗುವ ಜಾಝ್ ಬ್ಯಾಂಡ್ ಸ್ಕೋರುಗಳ, ಅಂದರೆ ಪ್ರತಿ ವಾದ್ಯದ ಸ್ವರ ಬರೆದ ಹಾಳೆಗಳ ಕಟ್ಟಿನ, ಮುಖಪುಟದಲ್ಲಿ ಗ್ರೇಡ್ 1, ಗ್ರೇಡ್ 2 ಎಂದು ಕಷ್ಟದ ಮಟ್ಟ ತೋರಿಸುವ ಅಂಕಿ ಇರುತ್ತದೆ. ಹೊಸದಾಗಿ ಮಕ್ಕಳ ತಂಡ ಕಟ್ಟುವವರು ಅದನ್ನೇ ನಂಬಿ ತರಿಸುತ್ತಾರೆ. ತೊಡಕು ಮೊದಲ ದಿನವೇ ಶುರು. ಆ ಅಂಕಿಯ ಹಿಂದೆ ಸಾಮಾನ್ಯವಾಗಿ ಇರುವುದು ಪೂರ್ಣ ಬಿಗ್ ಬ್ಯಾಂಡಿನ ಲೆಕ್ಕ: 2 ಆಲ್ಟೊ, 2 ಟೆನರ್, 1 ಬ್ಯಾರಿಟೋನ್ ಸೇರಿ 5 ಸ್ಯಾಕ್ಸೊಫೋನ್, 4 ಟ್ರಂಪೆಟ್, 4 ಟ್ರಾಂಬೋನ್, ಜೊತೆಗೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್. ಒಟ್ಟು 17 ಜನ. ಕಾರವಾರದಲ್ಲೋ ಶಿರಸಿಯಲ್ಲೋ ಒಂದು ಪ್ರೌಢಶಾಲೆಯಲ್ಲಿ ಆಸಕ್ತ ಮಕ್ಕಳನ್ನು ಕೂಡಿಸಿದರೆ ಸಿಗುವುದು ಬೇರೆಯೇ ಗುಂಪು: ಚರ್ಚ್ ಹಬ್ಬದ ಬ್ಯಾಂಡಿನ ಮನೆಯಿಂದ ಬಂದ ಒಬ್ಬ ಟ್ರಂಪೆಟ್ ಹುಡುಗ, ಒಂದೋ ಎರಡೋ ಆಲ್ಟೊ ಸ್ಯಾಕ್ಸ್, ಒಂದು ಕ್ಲಾರಿನೆಟ್, ಎರಡು ಮೂರು ಪಿಟೀಲು, ಕೀಬೋರ್ಡು, ಗಿಟಾರು, ಡ್ರಮ್ ಸೆಟ್, ತಬಲಾ ಕಲಿಯುವ ನಾಲ್ಕು ಮಕ್ಕಳು. ಆದ್ದರಿಂದ ಮೊದಲ ಕೆಲಸ ಸ್ಕೋರು ಹುಡುಕುವುದಲ್ಲ. ಯಾವ ವಾದ್ಯ, ಎಷ್ಟು ತಿಂಗಳ ಕಲಿಕೆ, ಇವತ್ತು ಬಳಲದೆ ಎಷ್ಟು ಮೇಲಿನ ಸ್ವರ ಮುಟ್ಟುತ್ತಾರೆ, ಈ ಮೂರನ್ನು ಮಗುವಿನ ಹೆಸರಿನ ಮುಂದೆ ಬರೆದಿಡುವುದು.

ಇಂಥ ಗುಂಪಿಗೆ 17 ಜನರ ಸ್ಕೋರು ತಂದು ಇಲ್ಲದ ಭಾಗಗಳನ್ನು ಬಿಟ್ಟು ನುಡಿಸಿದರೆ ಸ್ವರಮೇಳ ಹರಿದುಹೋಗುತ್ತದೆ. ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಮುಖ್ಯ ಸ್ವರ ಮೂರನೇ ಟ್ರಾಂಬೋನಿನ ಹಾಳೆಯಲ್ಲಿ ಇದ್ದು, ಆ ಕುರ್ಚಿಯೇ ಖಾಲಿ ಇದ್ದರೆ ಉಳಿದವರು ಎಷ್ಟು ಸರಿಯಾಗಿ ನುಡಿಸಿದರೂ ಬೋಳಾಗಿ ಕೇಳುತ್ತದೆ. ಇದಕ್ಕೆಂದೇ ಫ್ಲೆಕ್ಸ್ ಸ್ಕೋರುಗಳಿವೆ. ಅವುಗಳಲ್ಲಿ ಮೇಲಿನಿಂದ ಕೆಳಕ್ಕೆ ನಾಲ್ಕೈದು ಭಾಗ ಮಾತ್ರ. ಒಂದೊಂದು ಭಾಗದ ಹಾಳೆಯೂ ಸಿ, ಬಿ ಫ್ಲ್ಯಾಟ್, ಇ ಫ್ಲ್ಯಾಟ್ ವಾದ್ಯಗಳಿಗೆ (ಈ ಹೆಸರುಗಳ ಅರ್ಥ ಕೆಳಗೆ ಶ್ರುತಿಯ ಲೆಕ್ಕದಲ್ಲಿದೆ) ಬೇರೆ ಬೇರೆಯಾಗಿ ಸಿಗುತ್ತದೆ. ಮೊದಲ ಭಾಗವನ್ನು ಟ್ರಂಪೆಟ್ಟಿಗೆ ಕೊಡಿ, ಎರಡನೆಯದನ್ನು ಆಲ್ಟೊಗೆ, ಮೂರನೆಯದನ್ನು ಕ್ಲಾರಿನೆಟ್ಟಿಗೆ. ಪಿಟೀಲು ಯಾವ ಭಾಗವನ್ನೂ ಹಿಡಿಯಬಹುದು. ಪಿಟೀಲಿನವರು ಇಬ್ಬರಿದ್ದರೆ ಇಬ್ಬರಿಗೂ ಒಂದೇ ಭಾಗ ಕೊಡಿ, ಇಲ್ಲದಿದ್ದರೆ ಟ್ರಂಪೆಟ್ಟಿನ ಎದುರು ಕೇಳುವುದೇ ಇಲ್ಲ.

ಶ್ರುತಿಯ ಲೆಕ್ಕ

ಹಾರ್ಮೋನಿಯಂ ಗೊತ್ತಿರುವವರಿಗೆ ಇದು ಬೇಗ ಹತ್ತುತ್ತದೆ. ಗಾಳಿವಾದ್ಯದ ಮಕ್ಕಳಿಗೆ ಹಿತವಾದ ಶ್ರುತಿಗಳು ಬಿ ಫ್ಲ್ಯಾಟ್, ಎಫ್, ಇ ಫ್ಲ್ಯಾಟ್. ನಮ್ಮ ಮಾತಿನಲ್ಲಿ ಕಪ್ಪು ಐದು, ಬಿಳಿ ನಾಲ್ಕು, ಕಪ್ಪು ಎರಡು. ಕಾರಣ ವಾದ್ಯದ ಒಳಗೇ ಇದೆ. ಟ್ರಂಪೆಟ್, ಟೆನರ್ ಸ್ಯಾಕ್ಸ್, ಕ್ಲಾರಿನೆಟ್ ಬಿ ಫ್ಲ್ಯಾಟ್ ವಾದ್ಯಗಳು. ಅವರ ಹಾಳೆಯ ಸಿ ನುಡಿಸಿದರೆ ಹಾರ್ಮೋನಿಯಂ ಮೇಲೆ ಕಪ್ಪು ಐದು ಕೇಳುತ್ತದೆ. ಆಲ್ಟೊ ಇ ಫ್ಲ್ಯಾಟ್ ವಾದ್ಯ, ಅದರ ಹಾಳೆಯ ಸಿ ಕಪ್ಪು ಎರಡಾಗಿ ಕೇಳುತ್ತದೆ. ಹಾಗಾಗಿ ಕಪ್ಪು ಐದರ ಹಾಡು ಟ್ರಂಪೆಟ್ಟಿಗೆ ಸಿ ಸ್ಕೇಲು, ಶಾರ್ಪು (ಅರ್ಧ ಹೆಜ್ಜೆ ಏರಿಸುವ ಗುರುತು) ಫ್ಲ್ಯಾಟು (ಅರ್ಧ ಹೆಜ್ಜೆ ಇಳಿಸುವುದು) ಏನೂ ಇಲ್ಲ. ಆಲ್ಟೊಗೆ ಜಿ ಸ್ಕೇಲು, ಒಂದೇ ಶಾರ್ಪು. ಅದೇ ಹಾಡನ್ನು ಕೀಬೋರ್ಡಿನವನಿಗೆ ಸುಲಭವೆಂದು ಬಿಳಿ ಒಂದಕ್ಕೆ, ಅಂದರೆ ಸಿ ಶ್ರುತಿಗೆ ತಂದರೆ ಟ್ರಂಪೆಟ್ಟಿಗೆ ಎರಡು ಶಾರ್ಪು, ಆಲ್ಟೊಗೆ ಮೂರು. ಗಿಟಾರಿನವರು ಕೇಳುವ ಇ ಶ್ರುತಿಯಲ್ಲಿ ಆಲ್ಟೊಗೆ ಏಳು ಶಾರ್ಪು ಬೀಳುತ್ತವೆ.

ಪಿಟೀಲು, ಗಿಟಾರು, ಗಾಳಿವಾದ್ಯ ಮೂರೂ ಇದ್ದರೆ ರಾಜಿಯ ಶ್ರುತಿ ಬಿಳಿ ನಾಲ್ಕು. ಪಿಟೀಲಿಗೆ ಒಂದು ಫ್ಲ್ಯಾಟ್, ಟ್ರಂಪೆಟ್ಟಿಗೆ ಒಂದು ಶಾರ್ಪು, ಆಲ್ಟೊಗೆ ಎರಡು. ಯಾರಿಗೂ ಪೂರ್ತಿ ಹಿತವಲ್ಲ, ಯಾರಿಗೂ ಅಸಾಧ್ಯವಲ್ಲ.

ಮೇಲಿನ ಸ್ವರ ಮತ್ತು ತುಟಿಯ ಬಲ

ಸ್ಕೋರು ಕೈಗೆ ಬಂದ ಕೂಡಲೇ ಮೊದಲ ಟ್ರಂಪೆಟ್ಟಿನ ಹಾಳೆ ತೆಗೆದು ಅತಿ ಮೇಲಿನ ಸ್ವರಕ್ಕೆ ಪೆನ್ಸಿಲ್ ಗುರುತು ಹಾಕಿ. ಒಂದು ಒಂದೂವರೆ ವರ್ಷ ಕಲಿತ ಮಗುವಿಗೆ ನಾಲ್ಕನೇ ಗೆರೆಯ ಡಿ ಭರವಸೆಯ ಸ್ವರ, ಅದರ ಮೇಲಿನ ಇ ಒಳ್ಳೆಯ ದಿನದ ಸ್ವರ. ಐದು ಗೆರೆಯ ಮೇಲೆ ಕೂತ ಜಿ ಒಮ್ಮೆ ಬಂದರೂ ಆ ಕೃತಿಯನ್ನು ಈ ವರ್ಷ ಬಿಡುವುದೇ ಸರಿ. ಆಮೇಲೆ ಬಿಡುವಿನ ಬಾರುಗಳನ್ನು ಎಣಿಸಿ (ಬಾರು ಎಂದರೆ ಹಾಳೆಯಲ್ಲಿ ಅಡ್ಡಗೆರೆ ಎಳೆದು ಬೇರ್ಪಡಿಸಿದ, ಸಾಮಾನ್ಯವಾಗಿ ನಾಲ್ಕು ಬಡಿತದ ಒಂದು ಆವರ್ತ). ಇದನ್ನು ಹೆಚ್ಚಿನವರು ನೋಡುವುದಿಲ್ಲ. ಸ್ವರ ತೀರಾ ಮೇಲಕ್ಕೆ ಹೋಗದಿದ್ದರೂ 32 ಬಾರು ಒಂದೇ ಸಮನೆ ಊದಿದರೆ ತುಟಿ ಸೋಲುತ್ತದೆ, ಶ್ರುತಿ ಇಳಿಯುತ್ತದೆ, ಆಮೇಲೆ ಮಗು ಮೌತ್‌ಪೀಸನ್ನು ಹಲ್ಲಿಗೆ ಒತ್ತುವ ಕೆಟ್ಟ ಅಭ್ಯಾಸ ಹಿಡಿಯುತ್ತದೆ. ನಾಲ್ಕು ಬಾರು ಊದಿ ನಾಲ್ಕು ಬಾರು ಬಿಡುವ ಬರವಣಿಗೆ ಇರುವ ಕೃತಿ ಚಿನ್ನ.

ಟ್ರಾಂಬೋನ್ ಇದ್ದರೆ ಕೆಳಗಿನ ಬಿ ಫ್ಲ್ಯಾಟಿನಿಂದ ಪಕ್ಕದ ಬಿಗೆ ಹೋಗುವ ಜಾಗ ಹುಡುಕಿ. ಕಿವಿಗೆ ಅರ್ಧ ಹೆಜ್ಜೆ, ಕೈಗೆ ಜಾರುಕೊಳವೆಯ ಒಂದನೇ ಸ್ಥಾನದಿಂದ ಏಳನೇ ಸ್ಥಾನಕ್ಕೆ ಇಡೀ ತೋಳು ಚಾಚಬೇಕು. ಆರನೇ ಏಳನೇ ತರಗತಿಯ ಮಗುವಿನ ತೋಳಿಗೆ ಅದು ನಿಲುಕುವುದೂ ಕಷ್ಟ.

ಮೊದಲ ಕೃತಿ: 12 ಬಾರಿನ ಬ್ಲೂಸ್

ಇದರಲ್ಲಿ ಎರಡು ಮಾತಿಲ್ಲ. 12 ಬಾರಿನ ಬ್ಲೂಸ್ ಇಡೀ ಜಾಝಿಗೆ ಅಡಿಪಾಯ, ಮತ್ತು ಅದರ ಚೌಕಟ್ಟನ್ನು ಸರಿಗಮದಲ್ಲೇ ಬಾಯಿಪಾಠ ಮಾಡಿಸಬಹುದು: 4 ಬಾರು ಸ, 2 ಬಾರು ಮ, 2 ಬಾರು ಸ, 1 ಬಾರು ಪ, 1 ಬಾರು ಮ, 2 ಬಾರು ಸ. ಇಲ್ಲಿ ಸ, ಮ, ಪ ಎಂದರೆ ಆ ಸ್ವರದ ಮೇಲೆ ಕಟ್ಟಿದ ಸೆವೆಂತ್ ಕಾರ್ಡು, ಅಂದರೆ ಆ ಸ್ವರವನ್ನೇ ಸ ಎಂದುಕೊಂಡರೆ ಸ, ಗ, ಪ, ಕೋಮಲ ನಿ. ಕಪ್ಪು ಐದರಲ್ಲಿ ಅವು ಬಿ ಫ್ಲ್ಯಾಟ್ 7, ಇ ಫ್ಲ್ಯಾಟ್ 7, ಎಫ್ 7.

ಡ್ಯೂಕ್ ಎಲಿಂಗ್ಟನ್ನರ 1942ರ ‘ಸಿ ಜ್ಯಾಮ್ ಬ್ಲೂಸ್’ ಮೊದಲ ಕೃತಿಗೆ ಒಳ್ಳೆಯ ಮಾದರಿ. ಅದರ ರಾಗಸಾಲಿನಲ್ಲಿ ಇರುವುದು ಎರಡೇ ಸ್ವರ, ಪ ಮತ್ತು ಮೇಲಿನ ಸ. ಸ್ವರ ಎರಡೇ ಆದಾಗ ಮಕ್ಕಳ ಗಮನವೆಲ್ಲ ಲಯದ ಮೇಲೆ ಬೀಳುತ್ತದೆ, ನಮಗೆ ಬೇಕಾದ್ದೂ ಅದೇ. ಹೆಸರಿನಂತೆ ಅದು ಸಿ ಶ್ರುತಿಯದ್ದು. ಸ್ಕೋರು ಕೊಳ್ಳುವಾಗ ಮಕ್ಕಳಿಗಾಗಿ ಶ್ರುತಿ ಬದಲಿಸಿದ್ದಾರೆಯೇ ನೋಡಿ. ಕಪ್ಪು ಐದರಲ್ಲಿ ಟ್ರಂಪೆಟ್ಟಿಗೆ ಆ ಎರಡು ಸ್ವರ ಜಿ ಮತ್ತು ಸಿ ಆಗುತ್ತವೆ. ಎರಡಕ್ಕೂ ಯಾವ ವಾಲ್ವನ್ನೂ ಒತ್ತಬೇಕಿಲ್ಲ. ಆದರೆ ಅದೇ ಜಿ–ಸಿ ಜಿಗಿತ ಕ್ಲಾರಿನೆಟ್ಟಿಗೆ ಕಂಟಕ: ಎಲ್ಲ ರಂಧ್ರ ತೆರೆದ ಜಿಯಿಂದ ಬಹುತೇಕ ಎಲ್ಲ ಬೆರಳೂ ಮುಚ್ಚಿ ರಿಜಿಸ್ಟರ್ ಕೀ ಒತ್ತುವ ಸಿಗೆ ಒಮ್ಮೆಲೇ ಹೋಗಬೇಕು. ಕೀರಲು ದನಿ ಬರುವುದು ಅಲ್ಲೇ. ಕ್ಲಾರಿನೆಟ್ಟಿಗೆ ಆ ಸಾಲನ್ನು ಒಂದು ಸಪ್ತಕ ಕೆಳಗೆ ಬರೆದುಕೊಟ್ಟರೆ ತೊಂದರೆ ಮುಗಿಯಿತು.

ಸ್ಕೋರಿಗೆ ಹಣವಿಲ್ಲದಿದ್ದರೆ ತಂಡವೇ ಒಂದು ರಿಫ್ (ಮತ್ತೆ ಮತ್ತೆ ನುಡಿಸುವ ಚಿಕ್ಕ ಸಾಲು) ಕಟ್ಟಲಿ. 12 ಬಾರಿನ ಚೌಕಟ್ಟು ಯಾರ ಸ್ವತ್ತೂ ಅಲ್ಲ. ಸ, ಕೋಮಲ ಗ, ಮ, ಪ, ಕೋಮಲ ನಿ ಈ ಐದು ಸ್ವರ ಸಾಕು. ಹಿಂದೂಸ್ತಾನಿ ಕಲಿಯುವ ಮಕ್ಕಳು ಇದನ್ನು ಧಾನಿ ರಾಗದ ಸ್ವರಗಳೆಂದು ಗುರುತಿಸುತ್ತಾರೆ. ನಾಲ್ಕು ಬಾರಿನ ಒಂದು ಸಾಲು ಕಟ್ಟಿ ಮೂರು ಸಲ ನುಡಿಸಿದರೆ ಒಂದು ಸುತ್ತು ಆಯಿತು. ಸಾಲಿನ ಮೊದಲ ಎರಡು ಬಾರಿನಲ್ಲಿ ಮಾತು, ಕೊನೆಯ ಎರಡರಲ್ಲಿ ಮೌನ ಅಥವಾ ಡ್ರಮ್ಸಿನ ಉತ್ತರ. ಒಂದು ಎಚ್ಚರ: ಧಾನಿ ಎಂದ ಕೂಡಲೇ ಪಿಟೀಲಿನ ಮಕ್ಕಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾ ಮೀಂಡ್ ಎಳೆಯತೊಡಗುತ್ತಾರೆ. ಒಬ್ಬರೇ ನುಡಿಸುವಾಗ ಅದು ಚೆಂದ. ನಾಲ್ವರು ಕೂಡಿ ರಿಫ್ ನುಡಿಸುವಾಗ ಪ್ರತಿಯೊಬ್ಬರೂ ಬೇರೆ ಬೇರೆ ಹೊತ್ತಿಗೆ ಸ್ವರ ಮುಟ್ಟಿ ಸಾಲು ಕದಡುತ್ತದೆ.

ಸ್ವಿಂಗ್ ಹೇಗೆ ಹೇಳಿಕೊಡುವುದು

ಹಾಳೆಯಲ್ಲಿ ಎಂಟನೇ ಸ್ವರಗಳು (ಅರ್ಧ ಬಡಿತದ ಸ್ವರಗಳು) ಸಮವಾಗಿ ಬರೆದಿರುತ್ತವೆ, ಸ್ವಿಂಗ್ ನುಡಿಸುವಾಗ ಜೋಡಿಯ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ‘ತಕಿಟ’ ಗೊತ್ತಿರುವ ಮಗುವಿಗೆ ಇದು ಅರ್ಧ ನಿಮಿಷದ ಪಾಠ: ಒಂದು ತಾಳಕ್ಕೆ, ಅಂದರೆ ಒಂದು ಬಡಿತಕ್ಕೆ, ಒಂದು ತಕಿಟ, ‘ತಕಿ’ವರೆಗೆ ಮೊದಲ ಸ್ವರ, ‘ಟ’ಕ್ಕೆ ಎರಡನೆಯದು. ಇದು ಮಧ್ಯಮ ಗತಿಯ ಲೆಕ್ಕ. ಗತಿ ಏರಿದಂತೆ ಎರಡೂ ಸಮದತ್ತ ಸರಿಯುತ್ತವೆ. ಆದ್ದರಿಂದ ಮೊದಲ ಕೃತಿ ನಿಮಿಷಕ್ಕೆ 112ರಿಂದ 130 ತಾಳದೊಳಗೆ ಇರಲಿ. ತೀರಾ ನಿಧಾನವೂ ಬೇಡ. 70ರ ಗತಿಯಲ್ಲಿ ಮಕ್ಕಳು ತಾಳಕ್ಕಿಂತ ಮುಂದೆ ಓಡುತ್ತಾರೆ, ಉದ್ದ ಸ್ವರಗಳಲ್ಲಿ ಶ್ರುತಿಯ ತಪ್ಪು ಬಯಲಾಗುತ್ತದೆ. ‘ನಿಧಾನವಾದ್ದರಿಂದ ಸುಲಭ’ ಎಂದು ಬ್ಯಾಲಡ್ ಆರಿಸುವುದು ಸಾಮಾನ್ಯವಾದ ಮತ್ತು ದುಬಾರಿಯಾದ ತಪ್ಪು.

ನಮ್ಮ ಕಡೆಯ ಮಕ್ಕಳಿಗೆ ನಿಜವಾದ ಅಡ್ಡಿ ಬೇರೆ. ತಬಲಾ ಆಗಲಿ ಯಕ್ಷಗಾನದ ಮದ್ದಳೆ ಆಗಲಿ, ಕಿವಿ ಸಮ್‌ಗೆ ಕಾಯುತ್ತದೆ, ಚಪ್ಪಾಳೆ ಒಂದಕ್ಕೇ ಬೀಳುತ್ತದೆ. ಸ್ವಿಂಗಿನಲ್ಲಿ ಒತ್ತು 2 ಮತ್ತು 4ಕ್ಕೆ. ಉಪಾಯ ಹೀಗೆ: ಕೃತಿಯ ಗತಿ 120 ಇದ್ದರೆ ಮೆಟ್ರೊನೋಮನ್ನು 60ಕ್ಕೆ ಇಡಿ. ಬರುವ ಪ್ರತಿ ಟಕ್ಕನ್ನೂ 2, 4 ಎಂದು ಎಣಿಸಿ, ನಡುವಿನ 1, 3ನ್ನು ಬಾಯಲ್ಲಿ ಹೇಳಿಸಿ. ಮೊದಲ ವಾರ ತಲೆ ತಿರುಗುತ್ತದೆ, ಮೂರನೇ ವಾರಕ್ಕೆ ಕೂರುತ್ತದೆ. ಆಮೇಲೆ ಡ್ರಮ್ಸಿನ ಹುಡುಗನ ಹೈಹ್ಯಾಟ್ ಪೆಡಲ್ ಆ 2–4ನ್ನು ವಹಿಸಿಕೊಳ್ಳಲಿ.

ಎರಡನೆಯ ಮತ್ತು ಮೂರನೆಯ ಕೃತಿ

ಎರಡನೆಯದು ಸ್ವಿಂಗ್ ಆಗಬೇಕಿಲ್ಲ. ಸಮವಾದ ಎಂಟನೇ ಸ್ವರಗಳಿರುವ ಲ್ಯಾಟಿನ್ ಅಥವಾ ರಾಕ್ ನಡೆಯ ಕೃತಿಯಲ್ಲಿ ತಬಲಾ ಮಕ್ಕಳಿಗೂ ಜಾಗ ಸಿಗುತ್ತದೆ. ಹರ್ಬಿ ಹ್ಯಾನ್ಕಾಕರ 1962ರ ‘ವಾಟರ್‌ಮೆಲನ್ ಮ್ಯಾನ್’ ಬಿಳಿ ನಾಲ್ಕರ 16 ಬಾರಿನ ಬ್ಲೂಸ್. 12 ಬಾರು ಕಲಿತವರಿಗೆ ಮುಂದಿನ ಮೆಟ್ಟಿಲು. ಕೆನ್ನಿ ಡಾರಮ್ ರಚಿಸಿದ ‘ಬ್ಲೂ ಬೊಸ್ಸಾ’ ಕೂಡ 16 ಬಾರು, ಸಿ ಮೈನರ್. ಆಲ್ಟೊಗೆ ಅದು ಎ ಮೈನರ್ ಆಗುವುದರಿಂದ ಶಾರ್ಪು ಫ್ಲ್ಯಾಟಿನ ಗುರುತೇ ಇಲ್ಲ. ನಡುವೆ ನಾಲ್ಕು ಬಾರು ಡಿ ಫ್ಲ್ಯಾಟ್ ಮೇಜರಿಗೆ ಜಾರುತ್ತದೆ. ಪಿಟೀಲಿನವರು ಅಲ್ಲಿ ತಡವರಿಸುತ್ತಾರೆ, ಆ ನಾಲ್ಕನ್ನೇ ಪ್ರತ್ಯೇಕವಾಗಿ ತಿದ್ದಬೇಕು.

ನೋಡಲು ಸುಲಭ, ನುಡಿಸಲು ಅಲ್ಲ ಎಂಬ ಎರಡು ಕೃತಿಗಳ ಬಗ್ಗೆ ಹೇಳಲೇಬೇಕು. ಮೈಲ್ಸ್ ಡೇವಿಸರ 1959ರ ‘ಸೋ ವಾಟ್’ ಎರಡೇ ಸ್ಕೇಲಿನ ಹಾಡು: 16 ಬಾರು ಡಿ ಡೋರಿಯನ್, 8 ಬಾರು ಇ ಫ್ಲ್ಯಾಟ್ ಡೋರಿಯನ್, ಮತ್ತೆ 8 ಬಾರು ಡಿ. ಡೋರಿಯನ್ ಎಂದರೆ ನಮ್ಮ ಕಾಫಿ ಥಾಟಿನ ಸ್ವರಗಳೇ, ಹಾಗಾಗಿ ಆಸೆ ಹುಟ್ಟುತ್ತದೆ. ಆದರೆ ಆಲ್ಟೊ ಹಾಳೆಯಲ್ಲಿ ಅದು ಮೂರು ಶಾರ್ಪಿನಿಂದ ಎರಡು ಫ್ಲ್ಯಾಟಿಗೆ ಹಾರಿ ಹಿಂದಿರುಗುವ ಹಾದಿ. ಡಿ ಡೋರಿಯನ್ ಒಂದನ್ನೇ ಹಿಡಿದು ಬಿಡಿಬಿಡಿಯಾಗಿ ನುಡಿಸುವ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ವೇದಿಕೆಗೆ ಮುಂದಿನ ವರ್ಷ. ಇನ್ನೊಂದು ಅದೇ ವರ್ಷದ ‘ಟೇಕ್ ಫೈವ್’, ಪಾಲ್ ಡೆಸ್ಮಂಡ್ ರಚನೆ. ಐದರ ಲಯ ನಮ್ಮ ಮಕ್ಕಳನ್ನು ಹೆದರಿಸುವುದಿಲ್ಲ. ಝಪತಾಲದ 2+3 ಬಲ್ಲವರು ಇಲ್ಲಿನ 3+2ನ್ನು ಒಂದೆರಡು ದಿನದಲ್ಲಿ ಹಿಡಿಯುತ್ತಾರೆ. ಪೆಟ್ಟು ಬೀಳುವುದು ಶ್ರುತಿಯಲ್ಲಿ: ಇ ಫ್ಲ್ಯಾಟ್ ಮೈನರ್, ಆರು ಫ್ಲ್ಯಾಟ್. ಪಿಟೀಲಿನ ಒಂದು ತೆರೆದ ತಂತಿಯೂ ಆ ಸ್ಕೇಲಿನಲ್ಲಿ ಇಲ್ಲ.

ರಿದಂ ಸೆಕ್ಷನ್: ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್

ಹಲವು ಸ್ಕೋರುಗಳಲ್ಲಿ ಪಿಯಾನೊ, ಗಿಟಾರಿಗೆ ಕಾರ್ಡಿನ ಹೆಸರು ಮಾತ್ರ ಬರೆದು, ಕೆಳಗೆ ಓರೆ ಗೆರೆ ಎಳೆದಿರುತ್ತಾರೆ. ಮಕ್ಕಳಿಗೆ ಅದು ಸಾಲದು. ಪೂರ್ತಿ ಸ್ವರ ಬರೆದುಕೊಟ್ಟ ಸ್ಕೋರನ್ನೇ ಆರಿಸಿ, ಇಲ್ಲವೇ ನೀವೇ ಎರಡೆರಡು ಸ್ವರ ಬರೆದುಕೊಡಿ. ಕಾರ್ಡಿನ ಮೂರನೆಯ ಮತ್ತು ಏಳನೆಯ ಸ್ವರ ಸಾಕು. ಬಿ ಫ್ಲ್ಯಾಟ್ 7ಕ್ಕೆ ಡಿ ಮತ್ತು ಎ ಫ್ಲ್ಯಾಟ್. ಇ ಫ್ಲ್ಯಾಟ್ 7 ಬಂದಾಗ ಎರಡೂ ಬೆರಳು ಅರ್ಧ ಹೆಜ್ಜೆ ಕೆಳಗೆ: ಡಿ ಫ್ಲ್ಯಾಟ್ ಮತ್ತು ಜಿ. ಎಫ್ 7ಕ್ಕೆ ಅಲ್ಲಿಂದ ಒಂದು ಪೂರ್ಣ ಹೆಜ್ಜೆ ಮೇಲೆ: ಇ ಫ್ಲ್ಯಾಟ್ ಮತ್ತು ಎ. ಇಷ್ಟರಲ್ಲಿ ಇಡೀ ಬ್ಲೂಸ್ ಮುಗಿಯಿತು. ಕೀಬೋರ್ಡಿನ ಎಡಗೈ ಮೂಲಸ್ವರವನ್ನು ಗುದ್ದುವುದು ಬೇಡ, ಅದು ಬಾಸಿನ ಕೆಲಸ. ಬಾಸಿನವನಿಗೆ ಒಂದು ಬಾರಿಗೆ ನಾಲ್ಕು ಸ್ವರ, ಸ ಗ ಪ ಧ ಎಲ್ಲ ಶುದ್ಧ. ಕಾರ್ಡು ಬದಲಾದಾಗ ಅದೇ ಆಕಾರ ಹೊಸ ಜಾಗದಿಂದ.

ಮಳೆಗಾಲದಲ್ಲಿ ಕರೆಂಟು ಹೋದರೆ ಕೀಬೋರ್ಡು, ಬಾಸ್ ಗಿಟಾರು ಎರಡೂ ಮೂಕ. ಜೂನ್‌ನಿಂದ ಚೌತಿಯವರೆಗೆ ಹಾರ್ಮೋನಿಯಂ ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡು, ಹಾಡಿ ಕಲಿಯಬಹುದಾದ ರಿಫ್ ಕೃತಿಯನ್ನೇ ಹಿಡಿಯುವುದು ವಾಸಿ. ಜುಲೈಯಲ್ಲಿ ಮಳೆ ರಜೆಗಳೂ ಬರುತ್ತವೆ. ಪ್ರತಿ ಸಲ ಹಾಳೆಯ ಮೇಲೆ ಮೊದಲಿನಿಂದ ಶುರುಮಾಡುವ ಕೃತಿ ಆ ತಿಂಗಳಲ್ಲಿ ನಿಲ್ಲುವುದಿಲ್ಲ. ಎರಡನೆಯ ಕೃತಿ ಚೌತಿ ಮುಗಿದ ಮೇಲೆ, ಮೂರನೆಯದು ದಸರಾ ರಜೆಯ ನಂತರ. ಡಿಸೆಂಬರಿನ ಸ್ನೇಹ ಸಮ್ಮೇಳನಕ್ಕೆ ಮೂರೂ ಸೇರಿ 10–12 ನಿಮಿಷ ಸಾಕು.

ಒಂಟಿ ನುಡಿಸುವಿಕೆ

ಸ್ಕೋರಿನಲ್ಲಿ ಸೋಲೊ ಭಾಗ ಎಷ್ಟು ಬಾರು, ಯಾವ ವಾದ್ಯಕ್ಕೆ, ಬರೆದುಕೊಟ್ಟ ಮಾದರಿ ಇದೆಯೇ ನೋಡಿ. ಟೆನರಿಗೆ ಮಾತ್ರ ಸೋಲೊ ಇದ್ದು ನಿಮ್ಮಲ್ಲಿ ಟೆನರೇ ಇಲ್ಲದಿದ್ದರೆ ಅದೇ ಚೌಕಟ್ಟನ್ನು ಯಾರಿಗಾದರೂ ಕೊಡಬಹುದು, ಆದರೆ ಹಾಳೆಯನ್ನು ಶ್ರುತಿ ಬದಲಿಸಿ ಬರೆಯಬೇಕು. ಮೊದಲ ತಿಂಗಳು ಸ, ಕೋಮಲ ಗ, ಮ ಮೂರೇ ಸ್ವರ. ನಾಯಕ ಎರಡು ಬಾರು, ಮಗು ಉತ್ತರವಾಗಿ ಎರಡು ಬಾರು. ಐದು ಸ್ವರ ಒಮ್ಮೆಲೇ ಕೊಟ್ಟರೆ ಸ್ಕೇಲನ್ನು ಮೇಲೆ ಕೆಳಗೆ ಓಡಿಸುವುದಷ್ಟೇ ಆಗುತ್ತದೆ. ಕಿವಿಗಾಗಿ ದೂರ ಹೋಗಬೇಕಿಲ್ಲ: ಮಾಜಾಳಿ ಗಡಿಯ ಆಚೆಯ ಗೋವಾದ ವಾದಕರೇ ಮುಂಬೈಯ ಜಾಝ್ ಬ್ಯಾಂಡುಗಳಲ್ಲೂ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲೂ ನುಡಿಸಿದರು. ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಅವರಲ್ಲಿ ಪ್ರಸಿದ್ಧರು. 1950ರ ದಶಕದ ಹಿಂದಿ ಹಾಡುಗಳ ನಡುವೆ ಬರುವ ಟ್ರಂಪೆಟ್, ಸ್ಯಾಕ್ಸ್ ತುಣುಕುಗಳನ್ನು ಮಕ್ಕಳಿಂದ ಹಾಡಿಸಿ, ಆಮೇಲೆ ನುಡಿಸಿ.

ಕರಾವಳಿಯ ತೇವದಲ್ಲಿ ಸ್ಯಾಕ್ಸಿನ ಜಿ ಶಾರ್ಪ್ ಪ್ಯಾಡು ಅಂಟಿಕೊಂಡು ಸ್ವರವೇ ಹೊರಡದೆ ಇರುವುದುಂಟು. ಮಗು ತಪ್ಪು ನುಡಿಸಿತೆಂದು ಗದರುವ ಮುಂಚೆ ಅದನ್ನು ನೋಡಿ. ಪ್ಯಾಡಿನ ಕೆಳಗೆ ತೆಳು ಕಾಗದ ಇಟ್ಟು ಮೆಲ್ಲನೆ ಒತ್ತಿ, ಬಿಟ್ಟು, ಕಾಗದ ತೆಗೆಯಬೇಕು. ಟ್ರಂಪೆಟ್ಟಿನ ವಾಲ್ವುಗಳಿಗೆ ನುಡಿಸುವ ಪ್ರತಿ ದಿನವೂ ಎಣ್ಣೆ ಹಾಕಬೇಕು. ಸಮ್ಮೇಳನದ ದಿನ ಬಾಸ್ ಆಂಪ್ಲಿಫೈಯರನ್ನು ವೇದಿಕೆಯ ಅಂಚಿಗೆ ಒಯ್ಯದೆ ಡ್ರಮ್ಸ್ ಮತ್ತು ಕೀಬೋರ್ಡಿನ ನಡುವೆ ಇಡಿ. ಆ ಮೂವರು ಒಬ್ಬರನ್ನೊಬ್ಬರು ಕೇಳದಿದ್ದರೆ ಐದನೇ ಬಾರಿನ ‘ಮ’ಕ್ಕೆ ಮೂವರೂ ಬೇರೆ ಬೇರೆ ಹೊತ್ತಿಗೆ ತಲುಪುತ್ತಾರೆ.