ಮ್ಯಾನೇಜರ್ ಅಂದರೆ ಸೂಟ್‌ಕೇಸ್ ಎಣಿಸುವವನಲ್ಲ

ಬೇಸ್‌ಬಾಲ್ ಬಗೆಗಿನ ಕನ್ನಡ ಬರಹದಲ್ಲಿ ಮೊನ್ನೆ ಮತ್ತೆ ಆ ಪದ ಕಣ್ಣಿಗೆ ಬಿತ್ತು. ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಆಗಿದ್ದ ಬ್ರೂಸ್ ಬೋಚಿ ಆಮೇಲೆ ತಂಡದ ‘ವ್ಯವಸ್ಥಾಪಕ’ನಾಗಿ ನಾಲ್ಕು ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಫೈನಲ್ ಸರಣಿ, ಗೆದ್ದರಂತೆ. ವ್ಯವಸ್ಥಾಪಕ ಅಂದ ಕೂಡಲೇ ನಮಗೆ ನೆನಪಾಗುವುದು ಕ್ರಿಕೆಟ್ ತಂಡದ ಮ್ಯಾನೇಜರ್. ಹೋಟೆಲ್ ರೂಮು, ಬಸ್ಸು ಬಿಡುವ ಹೊತ್ತು, ಕಿಟ್ ಬ್ಯಾಗಿನ ಲೆಕ್ಕ. ಅದನ್ನು ಮಾಡಿಕೊಂಡು ಯಾರಾದರೂ ಕಪ್ ಗೆಲ್ಲುವುದು ಹೇಗೆ ಸ್ವಾಮಿ?

ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ಆಟ ಆಡಿಸುವವನು. ಕ್ರಿಕೆಟ್ಟಿನಲ್ಲಿ ಕ್ಯಾಪ್ಟನ್ ಮಾಡುವ ಮುಕ್ಕಾಲು ತೀರ್ಮಾನ ಅಲ್ಲಿ ಇವನದು. 2014ರ ವರ್ಲ್ಡ್ ಸೀರೀಸ್‌ನ ಏಳನೇ, ಅಂದರೆ ನಿರ್ಣಾಯಕ, ಪಂದ್ಯ ನೋಡಿ. ಬೋಚಿಯ ತಂಡ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ 3-2 ರನ್‌ಗಳಿಂದ ಮುಂದಿತ್ತು. ಐದನೇ ಇನಿಂಗ್ಸ್‌ಗೆ ಬೋಚಿ ಇಳಿಸಿದ್ದು ಮ್ಯಾಡಿಸನ್ ಬಮ್‌ಗಾರ್ನರ್‌ನನ್ನು. ಮೂರೇ ದಿನ ಮುಂಚೆ ಪೂರ್ತಿ ಒಂಬತ್ತು ಇನಿಂಗ್ಸ್, ಅಂದರೆ ಇಡೀ ಪಂದ್ಯ, ಎಸೆದಿದ್ದ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಆತ. ಉಳಿದ ಐದೂ ಇನಿಂಗ್ಸ್ ಅವನೇ ಎಸೆದ, ಒಂದು ರನ್ನೂ ಕೊಡಲಿಲ್ಲ. ಎಡವಟ್ಟಾಗಿದ್ದರೆ ಬೈಗುಳವೂ ಬೋಚಿಗೇ.

ಮ್ಯಾನೇಜರ್ ಎಂಬ ಪದದ ಬೇರು ಇರುವುದು ಇಟಾಲಿಯನ್ನಿನ ‘ಮನೆಜ್ಜಾರೆ’ಯಲ್ಲಿ. ಕೈಯಲ್ಲಿ ಹಿಡಿದು ನಡೆಸುವುದು, ಅದರಲ್ಲೂ ಕುದುರೆ ಪಳಗಿಸುವುದು ಅಂತ ಅರ್ಥ. ಅದರ ಹಿಂದೆ ಲ್ಯಾಟಿನ್ನಿನ ‘ಮನುಸ್’, ಅಂದರೆ ಕೈ. (ನಾವು ‘ಹೇಗೋ ಮ್ಯಾನೇಜ್ ಮಾಡ್ಕೋತೀನಿ’ ಅನ್ನುವಾಗ ಕುದುರೆಯೂ ಇಲ್ಲ, ಲಗಾಮೂ ಇಲ್ಲ, ಬರೀ ಸಾಲ.) ಪಿಚರ್‌ನನ್ನು ತೆಗೆಯಬೇಕಾದಾಗ ಮ್ಯಾನೇಜರ್ ಮೈದಾನದ ನಡುವಿನ ದಿಬ್ಬದವರೆಗೆ ನಡೆದು ಹೋಗಿ ಕೈ ಚಾಚುತ್ತಾನೆ. ಪಿಚರ್ ಆ ಕೈಗೆ ಚೆಂಡು ಇಟ್ಟು ಸುಮ್ನೆ ಹೊರನಡೆಯುತ್ತಾನೆ.

ಒಂದು ಮಾತು ಒಪ್ಪಬೇಕು. 19ನೇ ಶತಮಾನದಲ್ಲಿ ಬೇಸ್‌ಬಾಲ್ ಮ್ಯಾನೇಜರ್ ಕೂಡ ಜಾಸ್ತಿ ನೋಡುತ್ತಿದ್ದುದು ರೈಲು ಟಿಕೆಟ್ಟು, ಹಣದ ಲೆಕ್ಕವನ್ನೇ. ಅಂಗಳ ಕ್ಯಾಪ್ಟನ್‌ನದಾಗಿತ್ತು. ಹಾಗಾಗಿ ‘ವ್ಯವಸ್ಥಾಪಕ’ ಪೂರ್ತಿ ತಪ್ಪಲ್ಲ, ನೂರು ವರ್ಷಕ್ಕೂ ಮೀರಿ ತಡವಾಗಿದೆ ಅಷ್ಟೇ. ಎರಡೂ ಕಾಲವನ್ನು ಒಬ್ಬನಲ್ಲೇ ನೋಡಬೇಕಿದ್ದರೆ ಕಾನಿ ಮ್ಯಾಕ್ ಇದ್ದಾರೆ. ಅವರೂ ಕ್ಯಾಚರ್. ಬ್ಯಾಟರ್‌ನ ಬ್ಯಾಟನ್ನು ಗ್ಲೌಸಿನಿಂದ ಮೆಲ್ಲಗೆ ತಟ್ಟಿ ಹೊಡೆತ ಕೆಡಿಸುವ ಕಿಲಾಡಿ. 1901ರಿಂದ 1950ರವರೆಗೆ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ ಮ್ಯಾನೇಜರ್, ಜೊತೆಗೆ ಪಾಲುದಾರ. ಮಿಕ್ಕ ಮ್ಯಾನೇಜರ್‌ಗಳು ಆಟಗಾರರಂತೆ ಯೂನಿಫಾರ್ಮ್ ಹಾಕಿದರೆ ಇವರು ಸೂಟು ತೊಟ್ಟು, ಸ್ಕೋರ್‌ಕಾರ್ಡ್ ಬೀಸಿ ಫೀಲ್ಡರ್‌ಗಳನ್ನು ಸರಿಸುತ್ತಿದ್ದರು. ಐದು ವರ್ಲ್ಡ್ ಸೀರೀಸ್ ಗೆದ್ದರು.

ಕ್ಯಾಚರ್‌ಗಳೇ ಯಾಕೆ ಹೀಗೆ ಮುಂದೆ ಬರುತ್ತಾರೆ? ಫೀಲ್ಡಿಂಗ್ ತಂಡದ ಎಂಟು ಜನರ ಕಣ್ಣು ಅವನ ಕಡೆ, ಅವನ ಕಣ್ಣು ಇಡೀ ಮೈದಾನದ ಕಡೆ. ಕುಕ್ಕರಗಾಲಲ್ಲಿ ಕೂತು, ತೊಡೆಯ ನಡುವೆ ಬೆರಳು ತೋರಿಸಿ, ಮುಂದಿನ ಎಸೆತ ಯಾವುದೆಂದು ಪಿಚರ್‌ಗೆ ಹೇಳುವವನು ಅವನೇ. ಇತ್ತೀಚೆಗೆ ಬೆರಳಿನ ಜಾಗಕ್ಕೆ ಪಿಚರ್‌ಗೆ ಸಂಕೇತ ಕಳಿಸುವ ಬಟನ್ ಬಂದಿದೆ. ಎಸೆತ ಯಾವುದೆಂದು ಹೇಳುವುದೂ ಅವನ ಕೆಲಸವಾದ್ದರಿಂದ ಕ್ಯಾಚರ್ ಅನ್ನು ‘ವಿಕೆಟ್ ಕೀಪರ್’ ಎಂದು ಬರೆಯುವುದೂ ಅರೆಬರೆ. ಬೋಚಿ ಆಟಗಾರನಾಗಿ ದೊಡ್ಡ ಹೆಸರೇನಲ್ಲ. ಒಂಬತ್ತು ಸೀಸನ್‌ನಲ್ಲಿ 358 ಪಂದ್ಯ, ಅಷ್ಟೇ. ಬೆಂಚಿನ ಮೇಲೆ ಕೂತು ನೋಡಿದ್ದೇ ಜಾಸ್ತಿ.

ಹಾಗಾದರೆ ‘ಕೋಚ್’ ಅನ್ನಬಹುದಲ್ವಾ? 2003ರ ವಿಶ್ವಕಪ್‌ನಲ್ಲಿ ಕೀಪಿಂಗ್ ಮಾಡಿ, 2024ರ ಟಿ20 ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದ ನಮ್ಮ ದ್ರಾವಿಡ್‌ಗೆ ಆ ಪದ ಸರಿ. ಬೇಸ್‌ಬಾಲ್‌ನಲ್ಲಿ ಕೋಚ್‌ಗಳು ಬೇರೆಯೇ ಇದ್ದಾರೆ: ಪಿಚಿಂಗ್‌ಗೊಬ್ಬ, ಮೂರನೇ ಬೇಸಿನ ಪಕ್ಕ ನಿಂತು ‘ಓಡು’ ಎಂದು ಕೈ ಬೀಸಲು ಇನ್ನೊಬ್ಬ. ಆಟಗಾರರನ್ನು ಕೊಳ್ಳುವ, ಮಾರುವ ಜನರಲ್ ಮ್ಯಾನೇಜರ್ ಮತ್ತೊಬ್ಬ. ದಯವಿಟ್ಟು ಮ್ಯಾನೇಜರ್ ಅಂತಲೇ ಬರೆಯಿರಿ.