ಗಾಮಾ ಕಿರಣದ ವಿಳಾಸ ಹುಡುಕುವ ಎಕ್ಸ್-ರೇ ದೂರದರ್ಶಕಗಳು

ಹಾಲುಹಾದಿಯ ಎಲ್ಲೋ ಒಂದು ಕಡೆಯಿಂದ ಗಾಮಾ ಕಿರಣ ಬರುತ್ತಿದೆ. ಬರುತ್ತಿರುವುದು ಖಚಿತ, ಆದರೆ ಯಾರು ಕಳಿಸುತ್ತಿದ್ದಾರೆ? ಈ ಗೋಳು ಐವತ್ತು ವರ್ಷದಿಂದ ಇದೆ.

ತೊಡಕಿರುವುದು ಗಾಮಾ ಕಿರಣದ ಸ್ವಭಾವದಲ್ಲೇ. ಅದರ ಶಕ್ತಿ ಎಷ್ಟೆಂದರೆ ಯಾವ ಕನ್ನಡಿಯೂ ಅದನ್ನು ತಿರುಗಿಸಿ ಒಂದು ಚುಕ್ಕೆಯಾಗಿ ಕೂಡಿಸಲಾರದು. ಉಪಗ್ರಹದಲ್ಲಿರುವ ಲೋಹದ ಹಾಳೆಗೆ ಬಡಿದಾಗ ಅದು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ (ಎಲೆಕ್ಟ್ರಾನಿನ ಧನ ವಿದ್ಯುತ್ತಿನ ಅವಳಿ) ಜೋಡಿಯಾಗುತ್ತದೆ, ಆ ಜೋಡಿ ಓಡಿದ ದಾರಿ ನೋಡಿ ಕಿರಣ ಯಾವ ಕಡೆಯಿಂದ ಬಂತು ಅಂತ ಅಂದಾಜು ಕಟ್ಟಬೇಕು. ಹಳೆಯ ಉಪಗ್ರಹಗಳ ಅಂದಾಜಿನ ವೃತ್ತ ಹುಣ್ಣಿಮೆ ಚಂದ್ರನಷ್ಟು, ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಅಗಲ ಇರುತ್ತಿತ್ತು. ನಕ್ಷತ್ರ ಕಿಕ್ಕಿರಿದ ಹಾಲುಹಾದಿಯ ತಟ್ಟೆಯಲ್ಲಿ ಅಷ್ಟು ಜಾಗದೊಳಗೆ ಯಾರನ್ನು ಅಂತ ಹಿಡಿಯುವುದು?

ಎಕ್ಸ್-ರೇ ಹಾಗಲ್ಲ. ನೇರವಾಗಿ ಬಿದ್ದರೆ ಕನ್ನಡಿಯೊಳಗೆ ಹೊಕ್ಕುಬಿಡುತ್ತದೆ, ತೀರಾ ಓರೆಯಾಗಿ ಸವರಿಕೊಂಡು ಹೋದರೆ ಮಾತ್ರ ಪುಟಿಯುತ್ತದೆ. 1999ರಲ್ಲಿ ಹಾರಿದ ಚಂದ್ರಾ ದೂರದರ್ಶಕ ಈ ಉಪಾಯದಿಂದಲೇ, ಚಂದ್ರನ ಅಗಲವನ್ನು 3600 ಭಾಗ ಮಾಡಿದರೆ ಸಿಗುವಷ್ಟು ಸಣ್ಣ ವಿವರವನ್ನೂ ನೋಡುತ್ತದೆ. ಜೊತೆಗೆ, ಗಾಮಾ ಕಿರಣ ಹೊಮ್ಮಿಸುವ ವಸ್ತು ಸಾಮಾನ್ಯವಾಗಿ ಎಕ್ಸ್-ರೇಯನ್ನೂ ಹೊಮ್ಮಿಸುತ್ತದೆ.

ಗಾಮಾ, ಎಕ್ಸ್-ರೇ ಎರಡೂ ಸೇರಿ ಮಾಡಿದ ಕೆಲಸದ ಅತ್ಯುತ್ತಮ ಕಥೆ ಗೆಮಿಂಗಾ ಎಂಬ ಗಾಮಾ ಮೂಲದ್ದು. 1972ರ ನವೆಂಬರ್‌ನಲ್ಲಿ ಹಾರಿದ ಎಸ್‌ಎಎಸ್-2 ಉಪಗ್ರಹ ಮಿಥುನ ರಾಶಿಯಲ್ಲಿ ಈ ಪ್ರಬಲ ಮೂಲವನ್ನು ಕಂಡಿತು. ಯುರೋಪಿನ ಕಾಸ್-ಬಿ ಉಪಗ್ರಹವೂ ಹೌದು ಅಂದಿತು. ಆದರೆ ರೇಡಿಯೋ ದೂರದರ್ಶಕಗಳಿಗೆ ಅಲ್ಲಿಂದ ಏನೂ ಸಿಗಲಿಲ್ಲ. 1983ರಲ್ಲಿ ಜೊವಾನಿ ಬಿನ್ಯಾಮಿ, ಪತ್ರೀಸಿಯಾ ಕರಾವೆಯೊ ಮತ್ತು ಜೊತೆಗಾರರು ಐನ್‌ಸ್ಟೈನ್ ಎಕ್ಸ್-ರೇ ವೀಕ್ಷಣಾಲಯದ ಮಾಹಿತಿಯಲ್ಲಿ ಆ ಜಾಗದೊಳಗೆ ಒಂದು ಚುಕ್ಕೆಯನ್ನು ತೋರಿಸಿದರು. ಎಕ್ಸ್-ರೇಯಲ್ಲಿ ಚೆನ್ನಾಗಿ ಹೊಳೆಯುತ್ತದೆ, ಮಾಮೂಲಿ ಬೆಳಕಿನಲ್ಲಿ ಮಾತ್ರ ಕಾಣುವುದೇ ಇಲ್ಲ ಅನ್ನುವಷ್ಟು ಮಂಕು. ನ್ಯೂಟ್ರಾನ್ ತಾರೆ, ಅಂದರೆ ಸಿಡಿದು ಸತ್ತ ನಕ್ಷತ್ರದ ಒತ್ತೊತ್ತಾದ ತಿರುಳು, ಇರಬೇಕು ಅನ್ನುವ ಗುಮಾನಿ ಬಂತು. ಗುಮಾನಿ ಪುರಾವೆ ಅಲ್ಲವಲ್ಲ.

ಪುರಾವೆ ಸಿಕ್ಕಿದ್ದು 1992ರಲ್ಲಿ. ರೋಸ್ಯಾಟ್ ಎಕ್ಸ್-ರೇ ಉಪಗ್ರಹದ ಮಾಹಿತಿಯಲ್ಲಿ ಜೂಲ್ಸ್ ಹಾಲ್ಪರ್ನ್ ಮತ್ತು ಸ್ಟೀಫನ್ ಹೋಲ್ಟ್ ಆ ಚುಕ್ಕೆ ಪ್ರತಿ 237 ಮಿಲಿಸೆಕೆಂಡಿಗೆ ಒಮ್ಮೆ ಮಿಡಿಯುವುದನ್ನು ಕಂಡರು. ಹೀಗೆ ಗಿರಗಿರ ತಿರುಗುತ್ತಾ ಲಯವಾಗಿ ಮಿಡಿಯುವ ನ್ಯೂಟ್ರಾನ್ ತಾರೆಗೆ ಪಲ್ಸಾರ್ ಅಂತ ಹೆಸರು. ಕಾಂಪ್ಟನ್ ಎಂಬ ಗಾಮಾ ಉಪಗ್ರಹ ಹಿಡಿದ ಕಿರಣಗಳಲ್ಲೂ ಅದೇ ಮಿಡಿತ! ಆಮೇಲೆ ಹಳೆಯ ಕಡತ ತೆಗೆದು ನೋಡಿದರೆ ಕಾಸ್-ಬಿ, ಎಸ್‌ಎಎಸ್-2 ಮಾಹಿತಿಯಲ್ಲೂ ಇತ್ತು. ಇಪ್ಪತ್ತು ವರ್ಷ ಉತ್ತರ ಕೈಯಲ್ಲೇ ಇತ್ತು, ಯಾವ ಲಯವನ್ನು ಹುಡುಕಬೇಕು ಅಂತ ಗೊತ್ತಿರಲಿಲ್ಲ ಅಷ್ಟೇ. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು.

ಅಷ್ಟರಲ್ಲಿ ಪಟ್ಟಿ ಬೆಳೆಯುತ್ತಲೇ ಇತ್ತು. 1999ರ ಕಾಂಪ್ಟನ್ ಪಟ್ಟಿಯ 271 ಮೂಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅನಾಮಿಕ. 2008ರಲ್ಲಿ ಫರ್ಮಿ ಗಾಮಾ ದೂರದರ್ಶಕ ಹಾರಿದ ಮೇಲೆ ವೃತ್ತಗಳು ಚಿಕ್ಕದಾದವು, ಆದರೆ ಮಿಡಿತ ಹುಡುಕಲು ಅದೂ ಸಾಲದು. ಗಾಮಾ ಕಣಗಳು ಬರುವುದು ಬಹಳ ಅಪರೂಪಕ್ಕೆ, ತಿಂಗಳುಗಟ್ಟಲೆ ಕೂಡಿಸಬೇಕು. ಅಷ್ಟರಲ್ಲಿ ಭೂಮಿ ಸೂರ್ಯನ ಸುತ್ತ ಸರಿದಿರುತ್ತದೆ, ಅದರ ಕಕ್ಷೆಯ ಈ ಕಡೆಯಿಂದ ಆ ಕಡೆಗೆ ಬೆಳಕಿಗೇ ಸುಮಾರು 16 ನಿಮಿಷ ಬೇಕು. ಮೂಲ ಇರುವ ಜಾಗ ಸರಿಯಾಗಿ ಗೊತ್ತಿಲ್ಲದಿದ್ದರೆ ಆ ವ್ಯತ್ಯಾಸವನ್ನು ಕಳೆಯಲಾಗದೆ ಮಿಡಿತ ಕಲಸಿಹೋಗುತ್ತದೆ. ಸಿಟಿಎ 1 ಎಂಬ ಸೂಪರ್‌ನೋವಾ ಅವಶೇಷದ (ಸಿಡಿದ ನಕ್ಷತ್ರದ ಉಳಿಕೆಯ) ನಡುವೆ ಒಂದು ಎಕ್ಸ್-ರೇ ಚುಕ್ಕೆ ಇರುವುದು ಮೊದಲೇ ಗೊತ್ತಿತ್ತು. ಆ ವಿಳಾಸ ಇಟ್ಟುಕೊಂಡೇ ಫರ್ಮಿ ತಂಡ ಅದೇ ವರ್ಷ 316 ಮಿಲಿಸೆಕೆಂಡಿನ ಪಲ್ಸಾರನ್ನು ಹಿಡಿಯಿತು.

ಹಾಗಂತ ವೃತ್ತದೊಳಗೆ ಎಕ್ಸ್-ರೇ ಚುಕ್ಕೆ ಕಂಡಾಕ್ಷಣ ಕುಣಿಯುವ ಹಾಗಿಲ್ಲ. ಮಾಮೂಲಿ ನಕ್ಷತ್ರವೂ ಎಕ್ಸ್-ರೇ ಬೀರುತ್ತದೆ, ಎಷ್ಟೋ ದೂರದ ಗ್ಯಾಲಕ್ಸಿಯ ಕಪ್ಪುಕುಳಿಯೂ ಸುಮ್ನೆ ಅದೇ ದಿಕ್ಕಿನಲ್ಲಿ ಇಣುಕಬಹುದು. ಫರ್ಮಿಯ ನಾಲ್ಕನೇ ಪಟ್ಟಿಯ 5000ಕ್ಕೂ ಜಾಸ್ತಿ ಮೂಲಗಳಲ್ಲಿ 1300ಕ್ಕೂ ಹೆಚ್ಚಿನವಕ್ಕೆ ಒಡೆಯರೇ ಸಿಕ್ಕಿರಲಿಲ್ಲ. ಎಕ್ಸ್-ರೇ ದೂರದರ್ಶಕ ಹೊತ್ತ ಸ್ವಿಫ್ಟ್ ಉಪಗ್ರಹ ಅಂಥವುಗಳ ಕಡೆ ಒಂದೊಂದಾಗಿ ತಿರುಗಿ ನೋಡುತ್ತಾ ಬಂದಿದೆ.

ಇನ್ನೂ ಹೆಚ್ಚು ಶಕ್ತಿಯ ಕಿರಣಗಳಲ್ಲಿ ಕಥೆ ಮತ್ತೂ ಸಿಕ್ಕು. ನಮೀಬಿಯಾದ ಹೆಸ್ ದೂರದರ್ಶಕಗಳ 2018ರ ಪಟ್ಟಿಯ 78 ಮೂಲಗಳಲ್ಲಿ ಗಟ್ಟಿಯಾಗಿ ಗುರುತು ಸಿಕ್ಕಿದ್ದು 31ಕ್ಕೆ. ಪಲ್ಸಾರ್ ಉಗುಳಿದ ಎಲೆಕ್ಟ್ರಾನ್‌ಗಳು ಶಕ್ತಿ ಕಳೆದುಕೊಳ್ಳುತ್ತಾ ಹೋದಂತೆ ಮೊದಲು ಎಕ್ಸ್-ರೇ ಮಂಕಾಗುತ್ತದೆ, ಗಾಮಾ ಉಳಿಯುತ್ತದೆ. ಹಾಗಾಗಿ ಹಳೆಯ ಮೂಲಗಳು ಎಕ್ಸ್-ರೇಯಲ್ಲಿ ತಪ್ಪಿಸಿಕೊಳ್ಳುತ್ತವೆ.

ಆದರೆ ಎಕ್ಸ್-ರೇ ಕಾಣದಿರುವುದೂ ಸುಳಿವೇ. ಚೀನಾದ ಲಾಸೊ ವೀಕ್ಷಣಾಲಯ ಕಂಡ ಜೆ2108+5157 ಎಂಬ ಮೂಲದ ಕಡೆ ಎಕ್ಸ್‌ಎಂಎಂ-ನ್ಯೂಟನ್ ಎಕ್ಸ್-ರೇ ಉಪಗ್ರಹ ನೋಡಿದಾಗ ಅದಕ್ಕೆ ಹೊಂದುವ ಏನೂ ಸಿಗಲಿಲ್ಲ. ಎಲೆಕ್ಟ್ರಾನ್‌ಗಳ ಕೆಲಸವಾಗಿದ್ದರೆ ಎಕ್ಸ್-ರೇಯೂ ಕಾಣುವ ಸಾಧ್ಯತೆ ಹೆಚ್ಚಿತ್ತು. ಆ ಜಾಗದಲ್ಲಿ ಅನಿಲದ ಮೋಡವಂತೂ ಇದೆ. ವೇಗದ ಪ್ರೋಟಾನ್‌ಗಳು ಆ ಮೋಡಕ್ಕೆ ಬಡಿದು ಗಾಮಾ ಹುಟ್ಟುತ್ತಿರಬಹುದು ಅನ್ನುವ ವಾದಕ್ಕೆ ಅದರಿಂದ ಸ್ವಲ್ಪ ಬಲ ಬಂದಿದೆ, ಆದರೆ ಕಣ್ಣಿಗೆ ಬೀಳದ ಹಳೆಯ ಪಲ್ಸಾರ್ ಒಂದು ಅಲ್ಲಿರುವ ಸಾಧ್ಯತೆಯನ್ನು ಯಾರೂ ಕೈಬಿಟ್ಟಿಲ್ಲ.